ಹಾಡು ಕೆಡೋದು ಡೋರ್ ಸ್ಪೀಕರ್‌ನಲ್ಲಲ್ಲ

ಕಾರಿನಲ್ಲಿ ಸೌಂಡ್ ಚೆನ್ನಾಗಿಲ್ಲ ಅನ್ನಿಸಿದ ಕೂಡಲೇ ಬೆಂಗಳೂರಿನವರು ಮಾಡೋ ಮೊದಲ ಕೆಲಸ ಜೆ.ಸಿ. ರೋಡಿಗೆ ಹೋಗೋದು. ಅಲ್ಲಿ ಡೋರ್ ಪ್ಯಾನೆಲ್ ಬಿಚ್ಚಿ, ಕಂಪನಿಯಿಂದ ಬಂದ ಸ್ಪೀಕರ್ ಕಿತ್ತು, ಹೊಸದು ಕೂರಿಸಿ, ಡಿಕ್ಕಿಯಲ್ಲೊಂದು ವೂಫರ್ ಇಟ್ಟು ಕಳಿಸುತ್ತಾರೆ. ವಾಪಸ್ ಬರುವಾಗ ಸದ್ದು ಜೋರಾಗಿರುತ್ತದೆ, ಎದೆಗೆ ಗುದ್ದುತ್ತದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನ್ನಿಸುತ್ತದೆ. ವಾರ ಕಳೆದ ಮೇಲೆ ಅದೇ ಹಳೆಯ ತೊಂದರೆ ಇನ್ನೂ ಸ್ಪಷ್ಟವಾಗಿ ಕೇಳಿಸೋಕೆ ಶುರುವಾಗುತ್ತದೆ. ಗೊರಗೊರ ಇದ್ದದ್ದು ದೊಡ್ಡ ಗೊರಗೊರ ಆಗಿರುತ್ತದೆ, ಅಷ್ಟೇ.

ನಮ್ಮೂರ ಕಡೆ ಕೆರೆ ಕೆಳಗಿನ ಗದ್ದೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ತೂಬಿನಲ್ಲೇ ನೀರು ಬಿಡದಿದ್ದರೆ ಕಡೆ ಗದ್ದೆಯವನು ಬದು ಎಷ್ಟು ಚೊಕ್ಕ ಮಾಡಿದರೂ ಪೈರು ಒಣಗುತ್ತದೆ. ಶಬ್ದವೂ ಹಾಗೇ ಮೇಲಿಂದ ಕೆಳಗೆ ಹರಿದು ಬರೋದು. ಮೊದಲು ರೆಕಾರ್ಡಿಂಗ್, ಆಮೇಲೆ ಅದನ್ನು ಹಿಂಡಿ ಚಿಕ್ಕದು ಮಾಡುವ ಎನ್‌ಕೋಡರ್, ಆಮೇಲೆ ಗಾಳಿಯ ದಾರಿ, ಆಂಟೆನಾ, ರಿಸೀವರ್, ವೈರು, ಆಂಪ್ಲಿಫೈಯರ್. ಸ್ಪೀಕರ್ ಕಟ್ಟಕಡೆಯ ಗದ್ದೆ. ಮೇಲೆ ಕಳೆದುಹೋದದ್ದನ್ನು ಕೆಳಗೆ ಯಾರೂ ಹುಟ್ಟಿಸಲಾರರು. ನಾವು ಮಾತ್ರ ದುಡ್ಡನ್ನೆಲ್ಲ ಕಡೆ ಗದ್ದೆಗೇ ಸುರಿಯುತ್ತೇವೆ, ಯಾಕಂದ್ರೆ ಕಣ್ಣಿಗೆ ಕಾಣೋದು, ಅಂಗಡಿಯಲ್ಲಿ ಸಿಗೋದು ಅದೊಂದೇ.

ಈ ಮಾತಿಗೆ ಬೆಂಗಳೂರಿನದೇ ಒಂದು ಉದಾಹರಣೆ ಇದೆ. ಸ್ಯಾಟಲೈಟ್ ರೇಡಿಯೋ. ವರ್ಲ್ಡ್‌ಸ್ಪೇಸ್ ಅಂದ ಕೂಡಲೇ ಮೂವತ್ತು ದಾಟಿದವರಲ್ಲಿ ಕೆಲವರ ಮುಖವಾದರೂ ಅರಳುತ್ತದೆ. ನೋವಾ ಸಮಾರಾ 1990ರಲ್ಲಿ ಅಮೆರಿಕದಲ್ಲಿ ಕಟ್ಟಿದ ಕಂಪನಿ ಅದು. 1998ರಲ್ಲಿ ಆಫ್ರಿಕಾಕ್ಕಾಗಿ ಆಫ್ರಿಸ್ಟಾರ್, 2000ದಲ್ಲಿ ನಮ್ಮ ಕಡೆಗೆ ಏಷ್ಯಾಸ್ಟಾರ್ ಉಪಗ್ರಹ ಹಾರಿಸಿದರು. ಭಾರತದ ವ್ಯವಹಾರ ಬೆಂಗಳೂರಿನಿಂದಲೇ ನಡೆಯುತ್ತಿತ್ತು. ಎ.ಆರ್. ರೆಹಮಾನ್ ಅದರ ರಾಯಭಾರಿ. ವರ್ಷಕ್ಕಿಷ್ಟು ಅಂತ ಚಂದಾ ಕಟ್ಟಿದರೆ ಕರ್ನಾಟಕ ಸಂಗೀತಕ್ಕೆ ಶ್ರುತಿ, ಹಿಂದೂಸ್ತಾನಿಗೆ ಗಂಧರ್ವ್, ಹಳೆಯ ಹಿಂದಿ ಹಾಡಿಗೆ ಫರಿಶ್ತಾ, ಕನ್ನಡಕ್ಕೆ ಸ್ಪರ್ಶ. ಎಫ್‌ಎಂನಲ್ಲಿ ಎರಡು ಹಾಡಿಗೊಂದು ಜಾಹೀರಾತು ಕೇಳಿ ಸುಸ್ತಾದವರಿಗೆ ದಿನವಿಡೀ ರಾಗಗಳೇ ಬರುವ ಚಾನೆಲ್ ಅಂದರೆ ಅದೊಂದು ಬೇರೆ ಲೋಕ. ಮನೆಯಲ್ಲಿ ಇಟ್ಟುಕೊಂಡವರು ಕಾರಿನಲ್ಲೂ ಬೇಕು ಅಂದುಕೊಂಡದ್ದು ಸಹಜ. ತಾಪತ್ರಯ ಶುರುವಾಗೋದೂ ಅಲ್ಲೇ.

ಯಾಕೆ ಅಂತ ಒಂದು ಲೆಕ್ಕ ಹಾಕೋಣ. ಏಷ್ಯಾಸ್ಟಾರ್ ನಿಂತಿದ್ದದ್ದು ಸಮಭಾಜಕದ ಮೇಲೆ, 105 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಬೆಂಗಳೂರು ಇರೋದು 77.6 ಡಿಗ್ರಿಯಲ್ಲಿ. ಅಂದರೆ ಇಲ್ಲಿಂದ ನೋಡಿದರೆ ಉಪಗ್ರಹ ಪೂರ್ವಕ್ಕಿಂತ ಚೂರು ದಕ್ಷಿಣಕ್ಕೆ ವಾಲಿದ ದಿಕ್ಕಿನಲ್ಲಿ, ನೆಲದಿಂದ ಸುಮಾರು 55 ಡಿಗ್ರಿ ಮೇಲೆ ಇರುತ್ತದೆ. ರಿಸೀವರ್‌ನ ಚಪ್ಪಟೆ ಆಂಟೆನಾ ಆ ಜಾಗವನ್ನು ನೇರವಾಗಿ ನೋಡಬೇಕು. ನಡುವೆ ಗೋಡೆ, ಫ್ಲೈಓವರ್, ದಟ್ಟ ಮರ ಏನೂ ಇರಬಾರದು.

ಈಗ ಸಹಕಾರನಗರದಿಂದ ನಾಗವಾರದ ಟೆಕ್ ಪಾರ್ಕಿಗೆ ಹೋಗುವವರ ಕಾರನ್ನು ತಗೊಳ್ಳಿ. ಆಂಟೆನಾ ಡ್ಯಾಶ್‌ಬೋರ್ಡ್ ಮೇಲೆ, ಮುಂದಿನ ಗಾಜಿಗೆ ಅಂಟಿಕೊಂಡ ಹಾಗೆ ಇಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಬಡಾವಣೆಯ ಒಳಬೀದಿಗಳಲ್ಲಿ ಮರಗಳ ನೆರಳು, ಸಿಗ್ನಲ್ ಬಂದು ಬಂದು ಹೋಗುತ್ತದೆ. ಬಳ್ಳಾರಿ ರಸ್ತೆಗೆ ಇಳಿದು ದಕ್ಷಿಣಕ್ಕೆ ತಿರುಗಿದರೆ ಉಪಗ್ರಹ ಎಡಗಡೆಗೆ ಸರಿಯುತ್ತದೆ, ಅರ್ಧ ಕಾರಿನ ಮಾಡೇ ಅಡ್ಡ. ಹೆಬ್ಬಾಳ ಫ್ಲೈಓವರ್ ಅಡಿಗೆ ಹೋದರೆ ಪೂರ್ತಿ ಮೌನ. ಅಲ್ಲಿಂದ ಹೊರವರ್ತುಲ ರಸ್ತೆ ಹಿಡಿದು ನಾಗವಾರದ ಕಡೆ ಹೊರಟರೆ ಉಪಗ್ರಹ ಗಾಜಿನ ಎದುರಿಗೇ ಬರುತ್ತದೆ, ಹಾಡು ನಿರಾಳವಾಗಿ ಹರಿಯುತ್ತದೆ. ಸಂಜೆ ವಾಪಸ್ ಬರುವಾಗ ಅದೇ ರಸ್ತೆ, ಅದೇ ಕಾರು, ಅದೇ ರಿಸೀವರ್. ಆದರೆ ಉಪಗ್ರಹ ಬೆನ್ನ ಹಿಂದೆ. ಆಂಟೆನಾಗೂ ಆಕಾಶಕ್ಕೂ ನಡುವೆ ತಗಡಿನ ಮಾಡು. ಬೆಳಗ್ಗೆ ಹಾಡಿದ್ದು ಸಂಜೆ ಹಾಡಲ್ಲ. ಇದಕ್ಕೆ ಜಗತ್ತಿನ ಯಾವ ಸ್ಪೀಕರ್ ಹಾಕಿ ಏನು ಮಾಡ್ತೀರಿ? ಮ್ಯಾಗ್ನೆಟ್ ಇರುವ ಆಂಟೆನಾ ತಂದು ಮಾಡಿನ ಮೇಲೆ ಕೂರಿಸಬೇಕು, ಅಷ್ಟೇ ಉಪಾಯ. ಅದೂ ಫ್ಲೈಓವರ್ ಅಡಿಯಲ್ಲಿ ಕೆಲಸಕ್ಕೆ ಬರಲ್ಲ.

ಅಮೆರಿಕದಲ್ಲಿ ಇದೇ ತೊಂದರೆಯನ್ನು ಹೇಗೆ ಬಿಡಿಸಿದರು ನೋಡಿ. ಅಲ್ಲಿ ಎಕ್ಸ್‌ಎಂ 2001ರಲ್ಲಿ, ಸಿರಿಯಸ್ 2002ರಲ್ಲಿ ಶುರುವಾದವು, 2008ರಲ್ಲಿ ಎರಡೂ ಒಂದಾದವು. ಅವರು ಮೊದಲ ದಿನದಿಂದಲೇ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದವರು. ಒಂದೇ ಕಾರ್ಯಕ್ರಮ ಎರಡು ಉಪಗ್ರಹಗಳಿಂದ, ಕೆಲವು ಸೆಕೆಂಡು ಹಿಂದೆ ಮುಂದೆ ಬರುತ್ತದೆ. ಒಂದನ್ನು ಸೇತುವೆ ನುಂಗಿದರೆ ಇನ್ನೊಂದು ಆ ತೂತು ಮುಚ್ಚುತ್ತದೆ. ಎತ್ತರದ ಕಟ್ಟಡಗಳ ನಗರಗಳಲ್ಲಿ ನೆಲದ ಮೇಲೇ ರಿಪೀಟರ್ ನಿಲ್ಲಿಸಿದರು. ಅಲ್ಲಿರೋ ನಮ್ಮ ಹುಡುಗರು ಕಾರಿನ ರೇಡಿಯೋ ಬಗ್ಗೆ ಗೊಣಗಿದರೆ ಅದು ಸೌಂಡ್ ತೆಳು ಅಂತ, ಹಾಡು ನಿಂತೇಹೋಯ್ತು ಅಂತ ಗೊಣಗೋದು ಕಡಿಮೆ. ಇಲ್ಲಿ 2005ರಲ್ಲಿ ಟ್ರಾಯ್ ಸ್ಯಾಟಲೈಟ್ ರೇಡಿಯೋ ಬಗ್ಗೆ ಶಿಫಾರಸುಗಳನ್ನೇನೋ ಕೊಟ್ಟಿತು. ಆದರೆ ಕಾರಿನಲ್ಲಿ ಹೋಗುವವನಿಗೆ ಎಡೆಬಿಡದೆ ಕೇಳಿಸುವಂಥ ರಿಪೀಟರ್ ಜಾಲ ನಮ್ಮ ನಗರಗಳಲ್ಲಿ ಬರಲೇ ಇಲ್ಲ. ಅಂದರೆ ಹೆಬ್ಬಾಳದ ಫ್ಲೈಓವರ್ ಅಡಿಯ ಆ ಮೌನಕ್ಕೆ ಕಾಂಕ್ರೀಟು ಎಷ್ಟು ಕಾರಣವೋ, ಎಲ್ಲೋ ಮುಂದೆ ಹೋಗದ ಕಡತವೂ ಅಷ್ಟೇ ಕಾರಣ. ಸೌಂಡ್ ಪ್ರಾಬ್ಲಂ ಅಂತ ನಾವು ಕರೆಯೋದರಲ್ಲಿ ಇದೂ ಸೇರುತ್ತದೆ.

ಸಿಗ್ನಲ್ ಸರಿಯಾಗಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಮುಂದಿನ ಪ್ರಶ್ನೆ, ಆ ಸಿಗ್ನಲ್ ಒಳಗೆ ಹಾಡು ಎಷ್ಟಿದೆ? ವರ್ಲ್ಡ್‌ಸ್ಪೇಸ್‌ನ ಒಂದು ಕ್ಯಾರಿಯರ್‌ನಲ್ಲಿ 16 ಕಿಲೋಬಿಟ್‌ನ 96 ತುಂಡುಗಳು. ಒಂದು ತುಂಡು ಕೊಟ್ಟರೆ ಮಾತಿಗೆ ಸಾಕು, ನಾಲ್ಕು ತುಂಡು ಸೇರಿಸಿ 64 ಕೊಟ್ಟರೆ ಸ್ಟೀರಿಯೋ, ಎಂಟು ಸೇರಿಸಿ 128 ಕೊಟ್ಟರೆ ಸಿಡಿಯ ಹತ್ತಿರ ಅನ್ನೋದು ಲೆಕ್ಕಾಚಾರ. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇರುತ್ತದೆ. 64 ಅಂದರೆ ಅದರ 22ರಲ್ಲಿ ಒಂದು ಪಾಲು. ಎಂಪಿ3 ತಂತ್ರ ಕಿವಿಗೆ ಮುಖ್ಯವಲ್ಲದ್ದನ್ನು ಬಿಸಾಕಿ ಇಷ್ಟು ಚಿಕ್ಕದು ಮಾಡುತ್ತದೆ. ಎಲೆ ಒಂದೇ, ಪಂಕ್ತಿ ದೊಡ್ಡದು. ಭಾಷೆಗೊಂದು ಚಾನೆಲ್, ರುಚಿಗೊಂದು ಚಾನೆಲ್ ಅಂತ ಬಡಿಸುತ್ತಾ ಹೋದರೆ ಒಬ್ಬೊಬ್ಬರ ಪಾಲು ಸಣ್ಣದಾಗಲೇಬೇಕು. ಇದು ಒಂದು ಕಂಪನಿಯ ಕಥೆಯಲ್ಲ. ಇವತ್ತು ನಾವು ಕೇಳುವ ಸ್ಟ್ರೀಮಿಂಗ್, ಡಿಜಿಟಲ್ ರೇಡಿಯೋ ಎಲ್ಲದರಲ್ಲೂ ಇದೇ ಚೌಕಾಸಿ.

ನನಗೆ ಕುತೂಹಲ ಇರೋದು, ಯಾವುದು ಮುಖ್ಯ ಅಂತ ತೀರ್ಮಾನ ಮಾಡೋದು ಯಾರ ಕಿವಿ ಅನ್ನೋದರಲ್ಲಿ. ಕಡಿಮೆ ಬಿಟ್‌ನಲ್ಲಿ ಮೊದಲು ಸಾಯೋದು ತಂಬೂರಿ. ತಂಬೂರಿಯ ಜೀವ ಇರೋದು ಆ ಝೇಂಕಾರದಲ್ಲಿ, ಮೇಲುಮೇಲಿನ ಸಣ್ಣ ಸ್ವರಗಳಲ್ಲಿ. ಅವು ಸದ್ದಿಲ್ಲದಂತೆ ಸದಾ ಇರುತ್ತವೆ. ಗಾಯಕರು ಬಾಯಿ ತೆರೆದ ಕೂಡಲೇ ಎನ್‌ಕೋಡರ್ ಅದನ್ನು ಮರೆಯಲ್ಲಿರೋ ಸದ್ದು ಅಂದುಕೊಂಡು ಕತ್ತರಿಸುತ್ತದೆ. ಗಾಯಕರು ನಿಲ್ಲಿಸಿದಾಗ ತಂಬೂರಿ ನೀರಿನಡಿಯಿಂದ ಎದ್ದು ಬಂದ ಹಾಗೆ ಕೇಳಿಸುತ್ತದೆ. ಎರಡನೆಯದು ಘಟ. ಬೆರಳು ಬಿದ್ದ ಆ ಕ್ಷಣದ ಚೂಪು ಹೋಗಿ, ಏಟಿಗೆ ಮೊದಲೇ ಒಂದು ಮಸುಕು ಹರಡುತ್ತದೆ. ಮೂರನೆಯದು ನಮ್ಮ ಶ, ಷ, ಸ. ಭಾವಗೀತೆಯಲ್ಲಿ ಮಾತೇ ಪ್ರಾಣ, ಅಲ್ಲಿ ಸಕಾರಗಳು ಸೀಟಿ ಹೊಡೆದ ಹಾಗೆ ಆದರೆ ಅರ್ಧ ಭಾವ ಹೋದ ಹಾಗೆ. ಕೊನೆಯಲ್ಲಿ ಸಭೆಯ ಚಪ್ಪಾಳೆ ಬಾಣಲೆಯಲ್ಲಿ ಎಣ್ಣೆ ಸಿಡಿದ ಹಾಗೆ ಬರುತ್ತದೆ.

ತಮಾಷೆ ಅಂದರೆ ಐವತ್ತು, ಅರವತ್ತರ ದಶಕದ ಕನ್ನಡ ಚಿತ್ರಗೀತೆಗಳು ಈ ಹಿಂಡುವಿಕೆಯನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಅವು ಮೋನೋ, ಮೇಲಿನ ಸ್ವರಗಳು ಆ ಕಾಲದ ರೆಕಾರ್ಡಿಂಗ್‌ನಲ್ಲೇ ಕಡಿಮೆ. ಕತ್ತರಿಸೋಕೆ ಹೆಚ್ಚೇನೂ ಉಳಿದಿರಲ್ಲ. ಹಾಗಾಗಿ ಹಳೆಯ ಹಾಡು ಹಿತ, ಹೊಸ ಕಛೇರಿ ಕರ್ಕಶ ಅಂತ ಕಾರಿನಲ್ಲಿ ಅನ್ನಿಸಿದರೆ ಅದನ್ನೆಲ್ಲ ಹಳೆಯದರ ಮೇಲಿನ ಮೋಹಕ್ಕೆ ಕಟ್ಟಬೇಡಿ. ಅದರಲ್ಲಿ ಗಣಿತವೂ ಇದೆ. ಈ ಗಣಿತ ಗೊತ್ತಿಲ್ಲದೆ ಟ್ರೆಬಲ್ ಏರಿಸಿದರೆ ಆ ನೀರಿನ ಸದ್ದನ್ನೇ ಏರಿಸಿದ ಹಾಗೆ. ಟ್ರೆಬಲ್ ಎರಡು ಗೆರೆ ಇಳಿಸಿ, ಲೌಡ್‌ನೆಸ್ ಆಫ್ ಮಾಡಿ. ಇಲ್ಲದ್ದು ಬರಲ್ಲ, ಆದರೆ ಕೆಟ್ಟಿದ್ದು ಕಿರಿಕಿರಿ ಮಾಡಲ್ಲ.

ಇನ್ನು ಕಾರಿನ ಒಳಗೆ ಬರೋಣ. ಇಲ್ಲೂ ಸ್ಪೀಕರ್‌ಗಿಂತ ಮೊದಲು ನೋಡಬೇಕಾದ್ದು ಎರಡು ಮೂರು ಇವೆ.

ಹೊರಗಿನ ರಿಸೀವರ್ ಅಥವಾ ಫೋನನ್ನು ಹಳೆಯ ಕಾರಿನ ಸ್ಟೀರಿಯೋಗೆ ಸೇರಿಸೋಕೆ ಜನ ಎಫ್‌ಎಂ ಟ್ರಾನ್ಸ್‌ಮಿಟರ್ ಬಳಸುತ್ತಾರೆ. ಲೈಟರ್ ಸಾಕೆಟ್‌ಗೆ ಚುಚ್ಚೋ ಆ ಪುಟ್ಟ ಗುಂಡು. ಬೆಂಗಳೂರಿನ ಎಫ್‌ಎಂ ಪಟ್ಟಿಯಲ್ಲಿ 91.1ರಿಂದ ಹಿಡಿದು 104ರವರೆಗೆ ಸಾಲಾಗಿ ಸ್ಟೇಷನ್‌ಗಳು ಕೂತಿವೆ. ಅವುಗಳ ಸಂದಿಯಲ್ಲಿ ನಿಮ್ಮ ಗುಂಡಿನ ಪಿಸುಮಾತು ಯಾರಿಗೆ ಕೇಳಬೇಕು? ಜಾಗ ಬದಲಾದ ಹಾಗೆ ಪಕ್ಕದ ಸ್ಟೇಷನ್ ಒಳಗೆ ನುಗ್ಗುತ್ತದೆ. ಅದೂ ಸಾಲದೆ ಎಫ್‌ಎಂ 15 ಕಿಲೋಹರ್ಟ್ಸ್ ಮೇಲಿನದನ್ನು ಬಿಡುವುದೇ ಇಲ್ಲ. ಸ್ಟೀರಿಯೋದಲ್ಲಿ ಆಕ್ಸ್ ತೂತು ಇದ್ದರೆ ವೈರು ಹಾಕಿ. ಇಲ್ಲದಿದ್ದರೆ, ಕ್ಯಾಸೆಟ್ ಪ್ಲೇಯರ್ ಇದ್ದರೆ, ಕ್ಯಾಸೆಟ್ ಅಡಾಪ್ಟರ್ ಆದರೂ ವಾಸಿ.

ವೈರು ಹಾಕಿದ ಕೂಡಲೇ ಬರೋ ಇನ್ನೊಂದು ಪೀಡೆ ಕುಂಯ್ ಅನ್ನೋ ಸದ್ದು. ನಮ್ಮ ಬಡಾವಣೆಯಲ್ಲಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ, ಸಂಗೀತ ಸಭೆಗಳಿಗೆ ತಪ್ಪದೆ ಹೋಗುವವರು. ಅವರ ಕಾರಿನಲ್ಲಿ ಈ ಸದ್ದು ಆಕ್ಸಿಲರೇಟರ್ ಒತ್ತಿದ ಹಾಗೆ ಏರುತ್ತಿತ್ತು. ಒಂದು ಅಂಗಡಿಯವರು ಸ್ಪೀಕರ್ ವೀಕ್ ಆಗಿದೆ ಸರ್ ಅಂತ ನಾಲ್ಕನ್ನೂ ಬದಲಿಸಿ ಕಳಿಸಿದ್ದರು.

"ಏನಪ್ಪಾ, ದುಡ್ಡು ಕೊಟ್ಟ ಮೇಲೆ ಕುಂಯ್ ಅನ್ನೋದು ಶ್ರುತಿ ಸೇರಿಸಿಕೊಂಡು ಬರ್ತಿದೆ" ಅಂದರು.

"ಸರ್, ಚಾರ್ಜರ್ ಕಿತ್ತು ನೋಡೋಣ" ಅಂದೆ. ಲೈಟರ್ ಸಾಕೆಟ್‌ನಿಂದ ಫೋನಿನ ಚಾರ್ಜರ್ ತೆಗೆದ ಕ್ಷಣ ಸದ್ದು ನಿಂತಿತು. ಫೋನ್ ಬ್ಯಾಟರಿ ಮೇಲೆ ಓಡುವಾಗ ಸದ್ದಿಲ್ಲ, ಚಾರ್ಜಿಗೆ ಹಾಕಿದರೆ ಸದ್ದು. ಇದನ್ನು ಗ್ರೌಂಡ್ ಲೂಪ್ ಅಂತಾರೆ. ಚಾರ್ಜರ್ ಒಂದು ದಾರಿಯಲ್ಲಿ, ಆಕ್ಸ್ ವೈರು ಇನ್ನೊಂದು ದಾರಿಯಲ್ಲಿ, ಎರಡೂ ಕಾರಿನ ಅರ್ಥಿಂಗ್ ಸೇರುತ್ತವೆ. ಆ ಸುತ್ತಿನಲ್ಲಿ ಆಲ್ಟರ್ನೇಟರ್‌ನ ಅಲೆ ನುಗ್ಗಿ ಹಾಡಿನ ಜೊತೆ ಬೆರೆಯುತ್ತದೆ. ಎಸ್.ಪಿ. ರೋಡಿನಲ್ಲಿ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಕೇಳಿದರೆ ಬೆರಳುದ್ದದ ಒಂದು ಡಬ್ಬಿ ಕೊಡುತ್ತಾರೆ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್, ಬೇರೇನಿಲ್ಲ. ಆಕ್ಸ್ ವೈರಿನ ನಡುವೆ ಅದನ್ನು ಸೇರಿಸಿದ್ದಾಯ್ತು. ಸ್ಪೀಕರ್ ಬದಲಿಸಿದ ಖರ್ಚಿನ ಮುಂದೆ ಅದರ ಬೆಲೆ ಚಿಲ್ಲರೆ ಕಾಸು.

ಸ್ಪೀಕರ್ ಬಗ್ಗೆಯೂ ಒಂದು ಮಾತು ಹೇಳಿಬಿಡ್ತೀನಿ. ಹೊಸದು ಕೂರಿಸಿದ ಮೇಲೆ ಬೇಸ್ ತೆಳುವಾಗಿದ್ದು, ವಾರ್ತೆ ಓದುವವರ ದನಿ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದಿದ್ದರೆ, ಒಂದು ಕಡೆಯ ಪ್ಲಸ್ ಮೈನಸ್ ವೈರು ಅದಲುಬದಲಾಗಿರುತ್ತದೆ. ಒಂದು ಬಾಗಿಲಿನ ಕೋನ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ, ಎರಡೂ ಸೇರಿ ಬೇಸ್ ನುಂಗುತ್ತವೆ. ಅಂಗಡಿಯಿಂದ ಹೊರಡುವ ಮೊದಲೇ ಒಂದು ಮಾತಿನ ಕಾರ್ಯಕ್ರಮ ಹಾಕಿ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಮಧುಗಿರಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಪ್ಪನ ಟ್ರಾನ್ಸಿಸ್ಟರ್‌ನಲ್ಲಿ ಕೇಳುತ್ತಿದ್ದ 612 ಕಿಲೋಹರ್ಟ್ಸ್‌ನ ಆಕಾಶವಾಣಿಗೆ ಇದ್ಯಾವ ಗುಣವೂ ಇರಲಿಲ್ಲ. ಮೋನೋ, ತೆಳು, ಮಳೆ ಮೋಡ ಬಂದರೆ ಚಟಚಟ, ರಾತ್ರಿ ಆದರೆ ಯಾವುದೋ ದೂರದ ಸ್ಟೇಷನ್ ಹಿಂದೆ ಗೊಣಗೋದು. ಆದರೂ ಯಾರೂ ಅದನ್ನು ಸೌಂಡ್ ಪ್ರಾಬ್ಲಂ ಅನ್ನಲಿಲ್ಲ. ಯಾಕೆ?

ನನಗೆ ಕಾಣೋ ಉತ್ತರ ಇದು. ಹಳೆಯ ರೇಡಿಯೋ ಕೆಡುವಾಗ ನಿಧಾನಕ್ಕೆ ಕೆಡುತ್ತಿತ್ತು. ಸಿಗ್ನಲ್ ಅರ್ಧ ಆದರೆ ಗೊರಗೊರ ಜಾಸ್ತಿ ಆಗುತ್ತಿತ್ತು, ಮಾತು ಉಳಿಯುತ್ತಿತ್ತು. ಅಪ್ಪ ಪೆಟ್ಟಿಗೆಯನ್ನು ಚೂರು ಆ ಕಡೆ ಈ ಕಡೆ ತಿರುಗಿಸುತ್ತಿದ್ದರು. ಒಳಗಿನ ಫೆರೈಟ್ ಕಡ್ಡಿಗೆ ದಿಕ್ಕು ಸಿಕ್ಕಿದ ಕೂಡಲೇ ಪ್ರದೇಶ ಸಮಾಚಾರ ತಿಳಿಯಾಗುತ್ತಿತ್ತು. ಕೇಳುವವನಿಗೂ ಮಾಡೋಕೆ ಒಂದು ಕೆಲಸ ಇತ್ತು, ಮಾಡಿದ್ದಕ್ಕೆ ಫಲ ಇತ್ತು. ಡಿಜಿಟಲ್ ಹಾಗಲ್ಲ. ಒಂದು ಮಟ್ಟದವರೆಗೆ ಪೂರ್ತಿ ಚೊಕ್ಕ, ಆ ಮಟ್ಟ ದಾಟಿದ ಕೂಡಲೇ ಪೂರ್ತಿ ಮೌನ. ನಡುವೆ ಮೆಟ್ಟಿಲಿಲ್ಲ. ಕೆಟ್ಟಿದ್ದು ಏನು, ಎಷ್ಟು, ಯಾವ ಕಡೆ ತಿರುಗಿಸಬೇಕು ಅಂತ ಕಿವಿಗೆ ಸುಳಿವೇ ಸಿಗಲ್ಲ. ಸುಳಿವು ಸಿಗದವನು ಕಾಣುವುದನ್ನೇ ಬದಲಿಸುತ್ತಾನೆ. ಕಾಣೋದು ಸ್ಪೀಕರ್.

ಸ್ಯಾಟಲೈಟ್ ರೇಡಿಯೋದ ದೊಡ್ಡ ಮೌನವೂ ಹೀಗೇ ಬಂತು. ವರ್ಲ್ಡ್‌ಸ್ಪೇಸ್ 2008ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ನಿಂತಿತು. ಅದರ ಚಂದಾದಾರರಲ್ಲಿ ಹೆಚ್ಚಿನವರು ಭಾರತದವರೇ ಆಗಿದ್ದರು ಅನ್ನೋದನ್ನು ನೆನೆದರೆ, ಕೇಳುವವರ ಸಂಖ್ಯೆಗೂ ನಿಲ್ಲಿಸುವವರ ಅಧಿಕಾರಕ್ಕೂ ಎಷ್ಟು ದೂರ ಅಂತ ಗೊತ್ತಾಗುತ್ತದೆ. ಒಂದೇ ಕಂಪನಿಯ ಸಂಕೇತ ಬಿಡಿಸೋಕೆ ಮಾಡಿದ ರಿಸೀವರ್‌ಗಳು ಸ್ಯಾಟಲೈಟ್ ಚಾನೆಲ್‌ಗಳ ಮಟ್ಟಿಗೆ ಮಾರನೆಯ ದಿನಕ್ಕೆ ಬರೀ ಡಬ್ಬಗಳು. ಅಪ್ಪನ ಟ್ರಾನ್ಸಿಸ್ಟರ್‌ಗೆ ಹೊಸ ಸೆಲ್ ಹಾಕಿದರೆ 612 ಇವತ್ತಿಗೂ ಬರುತ್ತದೆ. ಗುಣಮಟ್ಟ ಅಂದಾಗ ನಾವು ಇದನ್ನು ಲೆಕ್ಕಕ್ಕೆ ತಗೊಳ್ಳೋದೇ ಇಲ್ಲ. ನಾಳೆಯೂ ಕೇಳಿಸುತ್ತದೆಯೇ ಅನ್ನೋದು ಶಬ್ದದ ಮೊದಲ ಗುಣ. ಸ್ಪರ್ಶ ಚಾನೆಲ್‌ನ ಹಾಡಿನ ಪಟ್ಟಿಯನ್ನು ಯಾರು ಆಯ್ದು ಜೋಡಿಸುತ್ತಿದ್ದರು, ಯಾವ ಹಾಡಿನ ಹಿಂದೆ ಯಾವ ಹಾಡು ಬರುತ್ತಿತ್ತು, ಕೇಳುಗರ ಪಾಲಿಗೆ ಅದೆಲ್ಲ ಡಬ್ಬದ ಜೊತೆಗೇ ಹೋಯಿತು.

ಹಾಗಂತ ಇವತ್ತು ದಾರಿಯೇ ಇಲ್ಲ ಅಂತೇನಲ್ಲ. ಆಕಾಶವಾಣಿ ದೇಶದಲ್ಲಿ 35 ಮೀಡಿಯಂವೇವ್ ಟ್ರಾನ್ಸ್‌ಮಿಟರ್‌ಗಳನ್ನು ಡಿಆರ್‌ಎಂ ಅನ್ನೋ ಡಿಜಿಟಲ್ ಪದ್ಧತಿಗೆ ಸಜ್ಜು ಮಾಡಿದೆ, ಬೆಂಗಳೂರಿನದೂ ಅದರಲ್ಲಿ ಒಂದು. ಲಕ್ಷಗಟ್ಟಲೆ ಕಾರುಗಳ ಸ್ಟೀರಿಯೋದಲ್ಲಿ ಡಿಆರ್‌ಎಂ ಕಾರ್ಖಾನೆಯಿಂದಲೇ ಬಂದಿದೆ. ಶೋರೂಮಿನಲ್ಲಿ ಟಚ್‌ಸ್ಕ್ರೀನ್ ತೋರಿಸುತ್ತಾರೆ, ಸನ್‌ರೂಫ್ ತೋರಿಸುತ್ತಾರೆ, ರೇಡಿಯೋ ಮೆನುವಿನಲ್ಲಿ ಕೂತಿರೋ ಈ ಮೂರಕ್ಷರ ತೋರಿಸುವವರು ಕಡಿಮೆ. ಹುಡುಕಿ ನೋಡಿ. ಬರಲಿಲ್ಲ ಅಂದರೆ ಡ್ಯಾಶ್‌ಕ್ಯಾಮ್‌ನ ಅಗ್ಗದ ಚಾರ್ಜರ್ ಮೊದಲು ಕಿತ್ತು ನೋಡಿ. ಮೀಡಿಯಂವೇವ್‌ಗೆ ಅದಕ್ಕಿಂತ ದೊಡ್ಡ ಶತ್ರು ಕಾರಿನಲ್ಲಿ ಇನ್ನೊಂದಿಲ್ಲ. ಶಾಸ್ತ್ರೀಯ ಸಂಗೀತ ಬೇಕಾದವರಿಗೆ 100.1ರ ಅಮೃತವರ್ಷಿಣಿ ಇದೆ. 2016ರ ಜನವರಿ 26ರಂದು ಬೆಂಗಳೂರಿನಿಂದಲೇ ಶುರುವಾದ ರಾಗಂ ಇದೆ, ಅದು ಡಿಟಿಎಚ್‌ನಲ್ಲೂ ಬರುತ್ತದೆ, ಫೋನಿನ ಆ್ಯಪ್‌ನಲ್ಲೂ ಬರುತ್ತದೆ. ಮನೆಯ ಮಾಡಿನ ಮೇಲಿನ ಡಿಶ್‌ನಲ್ಲಿ ಕೇಳಿದರೆ ಅದೂ ಒಂಥರಾ ಸ್ಯಾಟಲೈಟ್ ರೇಡಿಯೋನೇ. ಫೋನಿನಿಂದ ಕಾರಿಗೆ ಬರುವಾಗ ಮಾತ್ರ ಬ್ಲೂಟೂತ್ ಅದನ್ನು ಇನ್ನೊಮ್ಮೆ ಹಿಂಡುತ್ತದೆ ಅನ್ನೋದು ನೆನಪಿರಲಿ. ಒಮ್ಮೆ ಹಿಂಡಿದ್ದನ್ನು ಮತ್ತೆ ಹಿಂಡಿದರೆ ತಂಬೂರಿಗೆ ಉಳಿಗಾಲವಿಲ್ಲ. ಯುಎಸ್‌ಬಿ ವೈರು ಇದ್ದರೆ ವೈರಿನಲ್ಲೇ ಕೇಳಿ.

ಕ್ರಮ ಇಷ್ಟೇ. ಮೊದಲು ಏನು ಕೇಳುತ್ತಿದ್ದೀನಿ, ಎಷ್ಟು ಹಿಂಡಿದ್ದು ಅಂತ ನೋಡಿ. ಆಮೇಲೆ ಆಂಟೆನಾಗೆ ಆಕಾಶ ಕಾಣುತ್ತಿದೆಯೇ ನೋಡಿ. ಆಮೇಲೆ ಚಾರ್ಜರ್ ಕಿತ್ತು ನೋಡಿ. ಆಮೇಲೆ ವೈರು. ಇದೆಲ್ಲ ಸರಿ ಇದ್ದೂ ಹಾಡು ಕೆಟ್ಟಿದ್ದರೆ ಆಗ ಜೆ.ಸಿ. ರೋಡಿಗೆ ಹೋಗಿ, ಯಾರೂ ಬೇಡ ಅನ್ನಲ್ಲ. ಅದರ ಜೊತೆಗೆ, ನೀವು ದಿನಾ ಕೇಳುವ ಆ ಚಾನೆಲ್ ಮುಂದಿನ ವರ್ಷವೂ ಇರುತ್ತದೆಯೇ, ಅದನ್ನು ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ ಅಂತ ಒಂದು ಸಲ ವಿಚಾರಿಸಿ. ತೂಬಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.